ಮೇಪಲ್ ಮರದ ಕಟ್ಟೆ

ಹೋದ ವಾರ ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ನಾನು ಕೆಲಸ ಮಾಡುವ ಸರ್ಜರಿ ಸೆಂಟರಿನ ಮುಂದೆ ಮರ ಕಡಿಯುತ್ತಿದ್ದರು. ಬೆಳಗಿನಿಂದ ಒಬ್ಬರಾದ ಮೇಲೆ ಒಬ್ಬರಿಗೆ ಅರಿವಳಿಕೆ ಕೊಟ್ಟು, ಎಬ್ಬಿಸಿ, ಮನೆಗೆ ಕಳಿಸಿ ನಾನು ಹೊರಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಒಂದು ಟ್ರಕ್ಕು, ಅದರ ಹಿಂದೆ ಕೊಂಬೆಗಳನ್ನು ನುಂಗಿ ಪುಡಿ ಮಾಡಿ ಉಗುಳುವ ಯಂತ್ರ. ಬೇರೆ ದಿನವಾದರೆ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಕಾರಿನತ್ತ ಓಡುತ್ತಿದ್ದೆ. ಅವತ್ತು ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಹಸಿ ಮರದ ವಾಸನೆ, ಅದರ ಅಡಿಯಲ್ಲಿ ಸ್ವಲ್ಪ ಹುಳಿ, ಕೊಳೆತ ತೊಗಟೆಯದು. ಕಾರಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ.

ಮೂಗಿಗೆ ವಯಸ್ಸಾಗುವುದಿಲ್ಲವೇನೋ. ಮಂಡಿಗೆ ಆಗಿದೆ, ಕಣ್ಣಿಗೆ ಆಗಿದೆ, ತಾಳ್ಮೆಗಂತೂ ಎಂದೋ ಆಗಿದೆ. ಮೂಗು ಮಾತ್ರ ನನ್ನನ್ನು ಹತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ ಚಾಟ್ಸ್‌ವರ್ತ್‌ನ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ನಿಲ್ಲಿಸಿತು.

ಆ ಮನೆಯನ್ನು ನಾವು ಕೊಂಡದ್ದೇ ಹಿತ್ತಲಿಗಾಗಿ. ಹಿಂದೊಮ್ಮೆ ಅಲ್ಲಿ ಕಿತ್ತಳೆ ತೋಟ ಇತ್ತಂತೆ. ನಮ್ಮ ಕಾಲಕ್ಕೆ ಬೇಲಿಯ ಪಕ್ಕ ಮೂರು ಮುದಿ ಕಿತ್ತಳೆ ಗಿಡಗಳು ಉಳಿದಿದ್ದವು. ಮಿಕ್ಕಿದ್ದೆಲ್ಲ ಒಣ ಹುಲ್ಲು, ಬಟಾ ಬಯಲು. ಊರು ಇದ್ದದ್ದು ಬೆಟ್ಟಗಳ ನಡುವೆ. ಬೇಸಿಗೆಯಲ್ಲಿ ಆ ಕಣಿವೆಯ ಬಿಸಿಲು ಎಂಥದೆಂದರೆ, ಹಿಂಬಾಗಿಲಿನ ಚಿಲಕ ಮುಟ್ಟಿದರೆ ಕೈ ಸುಡುತ್ತಿತ್ತು. ಅಲ್ಲೇ ಹತ್ತಿರದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನ್ನ ಗಂಡ ವಸಂತ್ ಎಂಜಿನಿಯರ್. ಅವರು ಧಾರವಾಡದವರು, ನಾನು ಮೈಸೂರಿನವಳು. ಮನೆಗೆ ಬಂದ ಮೊದಲ ತಿಂಗಳೇ ನರ್ಸರಿಗೆ ಹೋಗಿ, ನಿಮ್ಮಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವ ಮರ ಯಾವುದು ಎಂದು ಒಂದೇ ಪ್ರಶ್ನೆ ಕೇಳಿದರು. ಸಿಲ್ವರ್ ಮೇಪಲ್ ಎಂದ ಅಂಗಡಿಯವನು. ಜೊತೆಗೆ ಕೊಂಬೆ ಸ್ವಲ್ಪ ಪೆಳಸು, ಬೇಗ ಮುರಿಯುತ್ತದೆ, ಬೇರು ಮೇಲೆಯೇ ಹರಡುತ್ತದೆ, ಜಾಗ ನೋಡಿ ನೆಡಿ ಎಂದೂ ಹೇಳಿದ. ಇವರಿಗೆ ಬೇಗ ಎನ್ನುವುದು ಮಾತ್ರ ಕೇಳಿಸಿತು.

ಬೆಳೆಯಿತು, ಸುಳ್ಳು ಹೇಳಬಾರದು. ಮೊದಲ ವರ್ಷ ಬೇಲಿ ದಾಟಿತು, ಆಮೇಲೆ ಅಡುಗೆಮನೆಯ ಸೂರು. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೆಳ್ಳಿ ಬಣ್ಣ. ಗಾಳಿ ಬಂದಾಗ ಇಡೀ ಮರ ಒಮ್ಮೆ ಬೆಳ್ಳಗಾಗಿ ಮತ್ತೆ ಹಸಿರಾಗುತ್ತಿತ್ತು. ಶನಿವಾರ ಬೆಳಿಗ್ಗೆ ವಸಂತ್ ಕಾಫಿ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ಮಗಳು ಅನು ನಡೆಯಲು ಕಲಿತದ್ದು, ಮಾತು ಕಲಿತದ್ದು ಅವರಿಗೆ ಅಷ್ಟು ನೆನಪಿಲ್ಲ. ಮರ ಸೂರು ಮುಟ್ಟಿದ ವಾರ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ.

ಎಪ್ಪತ್ತೇಳರ ಸಂಕ್ರಾಂತಿ ಕಳೆದ ಮೇಲೆ ಅತ್ತೆ ಬಂದರು. ಮಾವನವರ ವರ್ಷಾಂತಿಕ ಮುಗಿದಿತ್ತು. ಧಾರವಾಡದಲ್ಲಿ ತಮ್ಮ ತಂಗಿಯ ಜೊತೆ ಇದ್ದವರನ್ನು ವಸಂತ್ ಹಟ ಹಿಡಿದು ಕರೆಸಿಕೊಂಡರು. ಅವರ ಹಟಕ್ಕಿಂತ ನನ್ನ ಅಗತ್ಯ ದೊಡ್ಡದಿತ್ತು. ನಾನಾಗ ಆಸ್ಪತ್ರೆಯಲ್ಲಿ ಅರಿವಳಿಕೆಯ ತರಬೇತಿಯಲ್ಲಿದ್ದೆ. ಮೈಸೂರಿನಲ್ಲಿ ಓದಿದ್ದು ಇಲ್ಲಿಗೆ ಸಾಲದು, ಪರೀಕ್ಷೆಗಳನ್ನು ಮತ್ತೆ ಬರೆದು, ಇನ್ನೂ ಮೂರು ವರ್ಷ ದುಡಿಯಬೇಕಿತ್ತು. ಅರ್ಧ ಮುಗಿದಿತ್ತು. ಅನುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಆರಿಜೋನಾಕ್ಕೆ ಹೊರಟುಹೋದಳು. ವಸಂತ್‌ಗೆ ಆಗಾಗ ಊರೂರು ಸುತ್ತುವ ಕೆಲಸ, ನನಗೆ ಮೂರು ದಿನಕ್ಕೊಮ್ಮೆ ರಾತ್ರಿ ಪಾಳಿ. ಅತ್ತೆ ಇದ್ದರೆ ನಾನು ಡಾಕ್ಟರು, ಅವರು ಹೋದರೆ ಇಲ್ಲ. ಲೆಕ್ಕ ಅಷ್ಟು ನೇರ.

ಅತ್ತೆ ಕೆಲಸಕ್ಕೆ ಹಿಂಜರಿದವರಲ್ಲ. ಬಂದ ವಾರದಲ್ಲೇ ಅಡುಗೆಮನೆ ಅವರ ಕೈಗೆ ಹೋಯಿತು, ಅನು ಅವರ ಸೆರಗಿಗೆ ಅಂಟಿಕೊಂಡಳು. ಅಜ್ಜಿ ಧಾರವಾಡದ ಮಾತಿನಲ್ಲಿ ಕತೆ ಹೇಳುತ್ತಿದ್ದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ತೊಂದರೆ ಆದದ್ದು ಇಳಿಹೊತ್ತಿಗೆ. ಧಾರವಾಡದಲ್ಲಿ ಕೆಲಸ ಮುಗಿಸಿ, ಮುಖ ತೊಳೆದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವುದು ಅವರ ಜೀವಮಾನದ ರೂಢಿ. ಓಣಿಯ ಜನವೆಲ್ಲ ಆ ಕಟ್ಟೆಯ ಮುಂದೆ ನಿಂತು ನಾಲ್ಕು ಮಾತಾಡಿಯೇ ಮುಂದೆ ಹೋಗಬೇಕು. ಇಲ್ಲಿ ಅವರು ಮುಖ ತೊಳೆದುಕೊಂಡು ಬಂದು, ಬಾಗಿಲು ತೆರೆದು, ಆ ಕಡೆ ಈ ಕಡೆ ನೋಡಿ, ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಬಾಗಿಲು ಹಾಕಿಕೊಳ್ಳಲಿಲ್ಲ. ಬಿಳಿ ಸೀರೆಯ ಮೇಲೆ ಮಗನ ಹಳೆಯ ಸ್ವೆಟರು ತೊಟ್ಟು, ಅನುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಸ್ತೆ ಬದಿಯ ಸಿಮೆಂಟಿನ ಅಂಚಿನ ಮೇಲೆ ಕೂತರು. ಒಂದು ಕಾರು ನಿಂತಿತು. ಒಳಗಿದ್ದ ಹೆಂಗಸು ಏನೋ ಕೇಳಿದಳು, ಇವರು ನಕ್ಕರು, ಅವಳು ಹೋದಳು. ಇನ್ನೊಂದು ಕಾರು ನಿಂತಿತು. ಕೊನೆಗೆ ಪೊಲೀಸರ ಕಾರು ಬಂತು. ಆ ಹುಡುಗ ಪಾಪ ಮಂಡಿಯೂರಿ ಕೂತು, ದಾರಿ ತಪ್ಪಿದೆಯಾ ತಾಯಿ, ಮೈ ಹುಷಾರಿಲ್ಲವಾ, ಮನೆ ಎಲ್ಲಿ ಎಂದು ಮೃದುವಾಗಿಯೇ ಕೇಳಿದನಂತೆ. ಅತ್ತೆ ಅನುವನ್ನು ಸೆರಗಿನೊಳಗೆ ಎಳೆದುಕೊಂಡರಂತೆ. ಪಕ್ಕದ ಮನೆಯ ಹೆಲೆನ್ ಓಡಿ ಬಂದು, ಇವರ ಮನೆ ಇದೇ, ಸುಮ್ಮನೆ ಕೂತಿದ್ದಾರೆ ಅಷ್ಟೇ ಎಂದು ಹೇಳಿ ಕಳಿಸಿದಳು. ಹೆಲೆನ್ ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹಿತ್ತಲಲ್ಲಿ ಎರಡು ಕುದುರೆ ಸಾಕಿದ್ದಳು.

ಸಂಜೆ ನಾನು ಬಂದಾಗ ಅತ್ತೆ ಪಲ್ಯಕ್ಕೆ ಹೆಚ್ಚುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಏನ್ ಊರವಾ ಇದು. ಕೂತ್ರ ಪೋಲೀಸರು ಬರ್ತಾರ. ನಮ್ಮ ಮನಿ ಮುಂದ ನಾವು ಕೂಡೂದು ತಪ್ಪೇನು?"

"ತಪ್ಪೇನಿಲ್ಲ ಅತ್ತೆ. ಇಲ್ಲಿ ಯಾರೂ ಹಾಗೆ ಕೂರಲ್ಲ. ಕೂತರೆ ಏನೋ ಆಗಿದೆ ಅಂದ್ಕೋತಾರೆ."

"ಏನೂ ಆಗಿಲ್ಲ ಅಂತನ ಕೂಡೂದು," ಎಂದರು ಅತ್ತೆ. "ಏನರೆ ಆಗಿದ್ರ ಯಾರು ಕೂಡ್ತಾರ?"

ಹೆಚ್ಚಿದ್ದನ್ನು ಬಾಣಲೆಗೆ ಸುರಿದರು. ಆಮೇಲೆ ಅಂದರು, "ಇಲ್ಲೆ ಮನಿ ಅದ. ಮನಿ ಹೊರಗ ಅನ್ನೂದು ಇಲ್ಲ. ನಾ ಹೋಗ್ತೇನಿ, ಸುಮಿತ್ರಾ. ವಸಂತಗ ಹೇಳು."

ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದದ್ದು ಮಾರನೆಯ ದಿನದ ನನ್ನ ಪಾಳಿ. ದಣಿದವರ ಕರುಣೆಗೆ ಅಷ್ಟೇ ಉದ್ದ.

ವಸಂತ್ ವಾದಿಸಲಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಮೇಪಲ್ ಮರದ ಮುಂದೆ ಬಹಳ ಹೊತ್ತು ನಿಂತರು. ಮರಳಿ ಬಂದು, "ಅವ್ವಗ ಕಟ್ಟಿ ಬೇಕಲ್ಲ? ಕಟ್ಟೋಣ. ಗಿಡ ಹೆಂಗೂ ಅದ," ಎಂದರು.

ಯುಗಾದಿಗೆ ಹತ್ತಿರದ ಭಾನುವಾರ ನಮ್ಮಲ್ಲಿ ಊಟ ಇಟ್ಟುಕೊಂಡೆವು. ಬೇವು ಸಿಗದೆ ಮೆಂತ್ಯದ ಕಾಳಿನಲ್ಲಿ ಕಹಿ ಪೂರೈಸಿದೆವು. ನಾರ್ತ್‌ರಿಡ್ಜ್‌ನಿಂದ ವಸಂತ್ ಅವರ ಗೆಳೆಯ ಮೂರ್ತಿ ತಮ್ಮ ಸ್ಟೇಷನ್ ವ್ಯಾಗನ್ ಕಾರಿನ ತುಂಬ ಇಟ್ಟಿಗೆ ಹೇರಿಕೊಂಡು ಬಂದರು. ಅವರ ಹೆಂಡತಿ ಲಲಿತಾ ಇಟ್ಟಿಗೆಯ ಮೇಲೆಯೇ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಬಂದಿದ್ದರು. ಇನ್ನೂ ಕೆಲವರು ಬಂದರು, ಎಲ್ಲರೂ ಎಂಜಿನಿಯರುಗಳೇ. ಮರದ ಬುಡಕ್ಕೆ ದಾರ ಕಟ್ಟಿ ಸುತ್ತು ಎಳೆದರು. ಕಟ್ಟೆ ಎಷ್ಟು ಎತ್ತರ ಇರಬೇಕು ಎಂದು ವಾದ ಶುರುವಾಯಿತು. ಪ್ರತಿಯೊಬ್ಬರ ತಲೆಯಲ್ಲೂ ಅವರವರ ಊರಿನ ಅಶ್ವತ್ಥಕಟ್ಟೆ ಇತ್ತು.

"ನಮ್ಮೂರಲ್ಲಿ ಸೊಂಟದ ಮಟ್ಟಕ್ಕಿತ್ತು ಕಣ್ರೀ," ಎಂದರು ಮೂರ್ತಿ.

"ಅಷ್ಟ ಎತ್ತರ ಮಾಡಿದ್ರ ಅವ್ವ ಹತ್ತೂದು ಹೆಂಗ? ಏಣಿ ಹಚ್ಚೂದೇನು?" ಎಂದರು ವಸಂತ್.

"ಸರಿ, ಸೀಟ್ ಹೈಟ್ ಮಾಡೋಣ. ಆದರೆ ಒಳಗಡೆ ಮಣ್ಣು ಗಟ್ಟಿಯಾಗಿ ತುಂಬಬೇಕು. ಇಲ್ಲದಿದ್ರೆ ಅದು ಕಟ್ಟೆ ಅಲ್ಲ, ಕುಂಡ ಆಗತ್ತೆ."

ಅದನ್ನು ಎಲ್ಲರೂ ಒಪ್ಪಿದರು. ಮಣ್ಣು ತುಂಬಿದರು, ಹೆಲೆನ್ ಮನೆಯ ಕುದುರೆ ಲದ್ದಿ ಕೇಳಿ ತಂದು ಬೆರೆಸಿದರು, ನೀರು ಬಿಟ್ಟರು, ಕಾಲಿನಿಂದ ತುಳಿದರು, ಮತ್ತೆ ತುಂಬಿದರು. ಮರದ ಕಾಂಡ ಮಂಡಿಯ ತನಕ ಮಣ್ಣಿನೊಳಗೆ ಹೋಯಿತು. ವಿಮಾನದ ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಎಂದು ಬಲ್ಲ ಜನ. ಮರ ಎಷ್ಟು ಮಣ್ಣು ತಡೆಯುತ್ತದೆ ಎಂದು ಒಬ್ಬರೂ ಕೇಳಿಕೊಳ್ಳಲಿಲ್ಲ. ಮರ ಅಂದರೆ ಕಟ್ಟೆ, ಕಟ್ಟೆ ಅಂದರೆ ಮಣ್ಣು. ನಮ್ಮ ಊರುಗಳಲ್ಲಿ ಅದು ಪ್ರಶ್ನೆಯೇ ಅಲ್ಲ.

ಸಂಜೆ ಅತ್ತೆ ಬಂದು ಸೆರಗಿನಿಂದ ಇಟ್ಟಿಗೆ ಒರೆಸಿ ಕೂತರು. ಅತ್ತಿತ್ತ ಸರಿದು ನೋಡಿದರು. ವಸಂತ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಮುಖ ಮಾಡಿಕೊಂಡು ನಿಂತಿದ್ದರು.

"ಛಲೋ ಆಗೇದ," ಎಂದರು ಅತ್ತೆ.

ಅಲ್ಲಿಂದ ಭಾನುವಾರಗಳು ಕಟ್ಟೆಯ ಭಾನುವಾರಗಳಾದವು. ಲಲಿತಾ ಬರುತ್ತಿದ್ದರು, ಅವರ ಜೊತೆ ಇನ್ನಾರೋ ಬರುತ್ತಿದ್ದರು. ಎಲೆಗಳ ಸಂದಿನಿಂದ ಬಿಸಿಲು ಬಿದ್ದು ಸೀರೆಗಳ ಮೇಲೆ ಆಡುತ್ತಿತ್ತು. ಏಪ್ರಿಲಿನಲ್ಲಿ ಮರದಿಂದ ರೆಕ್ಕೆಯ ಬೀಜಗಳು ಗಿರಗಿರ ತಿರುಗುತ್ತ ಬಿದ್ದವು, ಅನು ಅವನ್ನು ಸೀಳಿ ಅಜ್ಜಿಯ ಮೂಗಿಗೆ ಅಂಟಿಸಿದಳು. ಪಾಳಿ ಮುಗಿಸಿ ಬಂದ ನಾನು ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಅತ್ತೆ ಕೂತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಹೋಗಿ ಮಲಗುತ್ತಿದ್ದೆ. ಹೊರಗೆ ಹೋಗಿ ಅವರ ಜೊತೆ ಕೂರುವಷ್ಟು ತ್ರಾಣ ಇರುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಹಾಸಿಗೆಯ ಹೊರತು ಬೇರೆ ದೇವರಿರಲಿಲ್ಲ.

ಅದು ಬರದ ವರ್ಷ. ಹಿಂದಿನ ಮಳೆಗಾಲವೂ ಕೈಕೊಟ್ಟಿತ್ತು. ಹುಲ್ಲಿಗೆ ನೀರು ಬಿಡಬೇಡಿ, ಕಾರು ತೊಳೆಯಬೇಡಿ ಎಂದು ರೇಡಿಯೋದಲ್ಲಿ ದಿನವೂ ಹೇಳುತ್ತಿದ್ದರು. ಅತ್ತೆಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಅನುವಿನ ಸ್ನಾನದ ನೀರು, ಎಲ್ಲ ಬಕೆಟ್ಟಿಗೆ ತುಂಬಿ ಹೊತ್ತುಕೊಂಡು ಹೋಗಿ ಕಟ್ಟೆಯೊಳಗೆ ಸುರಿಯುತ್ತಿದ್ದರು. ಇಡೀ ಬೀದಿಯ ಹಿತ್ತಲುಗಳು ಬಿರುಕು ಬಿಟ್ಟಿದ್ದಾಗ ನಮ್ಮ ಮೇಪಲಿನ ಬುಡ ಮಾತ್ರ ಯಾವಾಗಲೂ ಒದ್ದೆ.

ಜುಲೈ ಕಳೆಯುವಾಗ ಎಲೆಯ ಅಂಚು ಕಂದಿತು. ಹೊಸ ಎಲೆಗಳು ಸಣ್ಣಗೆ ಬಂದವು. ಆಗಸ್ಟಿನಲ್ಲಿ ತುದಿಯ ಕೊಂಬೆಗಳು ಬೋಳಾದವು. ವಸಂತ್ ಗೊಬ್ಬರ ತಂದು ಹಾಕಿದರು. ಬರ, ಎಲ್ಲರ ಮರಗಳೂ ಹೀಗೇ ಆಗಿವೆ ಎಂದರು. ಅತ್ತೆ ಇನ್ನೊಂದು ಬಕೆಟ್ ನೀರು ಹೊತ್ತರು. ಹೊತ್ತಷ್ಟೂ ಎಲೆ ಉದುರಿತು.

ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ಮುಂಚಿನ ದಿನಗಳಲ್ಲಿ ಹೆಲೆನ್ ಬೇಲಿಯ ಆಚೆಯಿಂದ ನೋಡಿದಳು. ನೇರವಾಗಿ ಒಳಗೆ ಬಂದು, ಬುಡದ ಮಣ್ಣಿಗೆ ಕೋಲು ಚುಚ್ಚಿ, ಇಷ್ಟು ಆಳ ಹೂತಿದ್ದೀರಾ ಎಂದು ಕೇಳಿದಳು. ಈ ಮರದ ಬೇರು ಮೇಲೆಯೇ ಇದ್ದು ಉಸಿರಾಡುತ್ತದೆ, ಕಾಂಡದ ಬುಡಕ್ಕೆ ಗಾಳಿ ಬೇಕು, ಒದ್ದೆ ಮಣ್ಣು ಮೆತ್ತಿದರೆ ತೊಗಟೆ ಕೊಳೆಯುತ್ತದೆ ಎಂದಳು. ಲದ್ದಿ ಯಾತಕ್ಕೆಂದು ಅವತ್ತೇ ಕೇಳಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ನಾನು ಮಂಡಿಯೂರಿ ಕೈಯಿಂದ ಮಣ್ಣು ಕೆದಕಿದೆ. ಮೊಣಕೈ ತನಕ ಹೋಗುವಷ್ಟರಲ್ಲಿ ತೊಗಟೆ ಕೈಗೆ ಬಂತು, ನೆನೆದ ರಟ್ಟಿನ ಹಾಗೆ. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ದಿನವೆಲ್ಲ ಕೂತು ಇನ್ನೊಬ್ಬರ ಉಸಿರು ಕಾಯುವುದು ನನ್ನ ಕಸುಬು. ನನ್ನ ಮನೆಯ ಹಿತ್ತಲಲ್ಲೇ ನಾವೆಲ್ಲ ಸೇರಿ ಒಂದು ಜೀವದ ಕುತ್ತಿಗೆ ಹಿಚುಕಿದ್ದೆವು, ಹೋಳಿಗೆ ತಿಂದುಕೊಂಡು.

ರಾತ್ರಿ ಊಟದ ಮುಂದೆ ವಸಂತ್‌ಗೆ ಹೇಳಿದೆ.

"ಧಾರವಾಡದಾಗ ಅಷ್ಟ ದೊಡ್ಡ ಅಶ್ವತ್ಥ ಗಿಡ ಕಟ್ಟಿ ಒಳಗ ನಿಂತಿಲ್ಲೇನು?" ಎಂದರು.

"ಅದು ಅಶ್ವತ್ಥ. ಇದು ಮೇಪಲ್. ನಾನು ಕೈ ಹಾಕಿ ನೋಡಿದೀನಿ, ಕೊಳೀತಾ ಇದೆ. ಕಟ್ಟೆ ತೆಗೆಸಿ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಕಟ್ಟಿ ಒಡದ್ರ ಅವ್ವ ಎಲ್ಲೆ ಕೂಡಬೇಕು?"

ಕಟ್ಟೆ ಉಳಿದರೆ ಮರ ಹೋಗುತ್ತದೆ, ನೆರಳಿಲ್ಲದ ಕಟ್ಟೆಯ ಮೇಲೆ ಆ ಬಿಸಿಲಲ್ಲಿ ಯಾರೂ ಕೂರಲಾರರು. ಮರ ಉಳಿಯಬೇಕಾದರೆ ಕಟ್ಟೆ ಹೋಗಬೇಕು. ಹೇಗೆ ತಿರುಗಿಸಿದರೂ ಕೊನೆಗೆ ಅತ್ತೆ ಹೋಗುತ್ತಾರೆ. ನನ್ನ ತರಬೇತಿಯ ಕೊನೆಯ ವರ್ಷ ಆಗಷ್ಟೇ ಶುರುವಾಗಿತ್ತು. "ಮುಂದಿನ ಶನಿವಾರ ನೋಡೋಣ," ಎಂದರು ವಸಂತ್. ಆ ಶನಿವಾರ ಬಂತು, ಹೋಯಿತು. ಅದರ ಮುಂದಿನವೂ ಹೋದವು. ಆ ರಾತ್ರಿ ಪಕ್ಕದ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಕಿವಿ ಎಷ್ಟು ಚುರುಕು ಎನ್ನುವುದು ಇಬ್ಬರಿಗೂ ಮರೆತುಹೋಗಿತ್ತು.

ಅಕ್ಟೋಬರಿನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಶುರುವಾಯಿತು. ತುಟಿ ಒಡೆಯಿತು, ಎಲ್ಲರ ಸಿಟ್ಟೂ ಮೂಗಿನ ತುದಿಗೆ ಬಂತು. ಅಂಥ ಒಂದು ಮಧ್ಯಾಹ್ನ, ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಆಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆಗೂ ನಿಂತು, ಫ್ರೀವೇಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಕಣ್ಣು ಬಿಟ್ಟಿರುವಂತೆ ಮಾಡಿಕೊಂಡು ಮನೆಗೆ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಹಿಂಬಾಗಿಲು ತೆರೆದಿತ್ತು.

ಅತ್ತೆ ಕಟ್ಟೆಯ ಒಳಗೆ ಕೂತಿದ್ದರು. ಸೀರೆ ಎತ್ತಿ ಕಟ್ಟಿದ್ದರು. ಕೈಯಲ್ಲಿ ನಮ್ಮ ಹಳೆಯ ಕಬ್ಬಿಣದ ಸೌಟು. ಬುಡದ ಮಣ್ಣನ್ನು ಸೌಟಿನಿಂದ ಕೆದಕಿ, ಒಗೆಯುವ ಬಟ್ಟೆಯ ಬುಟ್ಟಿಗೆ ತುಂಬಿ, ಎಳೆದುಕೊಂಡು ಹೋಗಿ ಕಿತ್ತಳೆ ಗಿಡಗಳಿಗೆ ಹಾಕುತ್ತಿದ್ದರು. ಅನು ಕಿತ್ತಳೆಯ ನೆರಳಿನಲ್ಲಿ ಕೂತು ಮಣ್ಣಿನ ಮನೆ ಮಾಡುತ್ತಿದ್ದಳು. ಕಟ್ಟೆ ಅರ್ಧ ಖಾಲಿಯಾಗಿತ್ತು. ಒಂದು ದಿನದ ಕೆಲಸವಲ್ಲ ಅದು, ನಾವಿಬ್ಬರೂ ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಡುತ್ತ ಬಂದದ್ದು. ಇಷ್ಟು ದಿನ ಹಿತ್ತಲಿಗೆ ಹೋಗಿ ನೋಡುವ ಧೈರ್ಯ ನಮಗೇ ಇರಲಿಲ್ಲ.

"ಅತ್ತೆ, ಏನಿದು? ನೀವ್ಯಾಕೆ ಮಾಡ್ತಾ ಇದೀರಿ?"

"ನೀವು ಶನಿವಾರ ಶನಿವಾರ ಅನ್ಕೋತ ಕೂತೀರಿ. ಗಿಡಕ್ಕ ಶನಿವಾರ ಗೊತ್ತಿಲ್ಲ."

"ವಸಂತ್ ಬರಲಿ, ಸಲಿಕೆ ಹಿಡಿದು ಒಂದು ಗಂಟೇಲಿ ಮುಗಿಸ್ತಾರೆ."

"ಅವಗ ಕೈ ಬರೂದಿಲ್ಲ. ಕಟ್ಟ್ಯಾಂವ ಅವನ ಅಲ್ಲ?"

ಗಾಳಿಗೆ ಒಣ ಎಲೆಗಳು ನಮ್ಮಿಬ್ಬರ ನಡುವೆ ಓಡಾಡಿದವು. ನನ್ನ ಬಾಯಿಂದ ಆ ಪ್ರಶ್ನೆ ಹೊರಟೇಬಿಟ್ಟಿತು, "ಇದು ಹೋದರೆ ನೀವು ಎಲ್ಲಿ ಕೂರ್ತೀರ?"

ಅತ್ತೆ ಮುಂಗೈಯಿಂದ ಹಣೆ ಒರೆಸಿಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲ ನೀ ಕೂಡು," ಎಂದರು.

ಕೂತೆ. ಕಟ್ಟೆ ಕಟ್ಟಿ ಅಷ್ಟು ತಿಂಗಳಾದ ಮೇಲೆ ಅದರ ಮೇಲೆ ನಾನು ಕೂತದ್ದು ಅದೇ ಮೊದಲು. ಇಟ್ಟಿಗೆ ಬೆಚ್ಚಗಿತ್ತು. ಅವರೂ ಸೌಟು ಕೆಳಗಿಟ್ಟು ಪಕ್ಕದಲ್ಲಿ ಕೂತರು. "ಯಾವಾಗ ಮಲಗಿದ್ದಿ ನೀ?" ಎಂದು ಕೇಳಿದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕಣ್ಣಲ್ಲಿ ನೀರು ಬಂದದ್ದು ನೆನಪಿದೆ. ದುಃಖಕ್ಕಲ್ಲ, ಬರೀ ದಣಿವಿಗೆ. ಇನ್ನು ನನ್ನಿಂದ ಆಗುವುದಿಲ್ಲ ಅತ್ತೆ ಎಂದೆನೋ, ಅನ್ನಬೇಕೆಂದುಕೊಂಡೆನೋ. ಎಚ್ಚರವಾದಾಗ ಗಾಳಿ ತಗ್ಗಿತ್ತು. ಶೂ ಕಾಲಲ್ಲೇ ಇತ್ತು, ತಲೆಯ ಕೆಳಗೆ ಅನುವಿನ ಟವೆಲ್ ಮಡಿಸಿ ಇಟ್ಟಿದ್ದರು. ಸೌಟಿನ ಕೆರೆತ ಮುಂದುವರಿದಿತ್ತು.

ವಸಂತ್ ಬಂದದ್ದು ಆಗ. ಹಿಂಬಾಗಿಲಲ್ಲಿ ನಿಂತು ನೋಡಿದರು. ಟೈ ಬಿಚ್ಚಿ ಜೇಬಿಗೆ ತುರುಕಿ, ಗರಾಜಿನಿಂದ ಸಲಿಕೆ ತಂದು ಅವ್ವನ ಕೈಯಿಂದ ಸೌಟು ಇಸಿದುಕೊಂಡು ಬದಿಗಿಟ್ಟರು. ಅತ್ತೆ ಕೈ ತೊಳೆದು ಅದೇ ಸೌಟನ್ನು ತಿಕ್ಕಿ ತಿಕ್ಕಿ ಬೆಳಗಿ ಸಾರಿಗೆ ಹಾಕಿದರು.

ಆ ವಾರದ ಕೊನೆಗೆ ಮೂರ್ತಿ ಬಂದು ಇಟ್ಟಿಗೆಯನ್ನು ಅದೇ ಸ್ಟೇಷನ್ ವ್ಯಾಗನ್ನಿನಲ್ಲಿ ಹೇರಿಕೊಂಡು ಹೋದರು. "ನಮ್ಮನೇಲಿ ಬಾರ್ಬೆಕ್ಯೂಗೆ ಆಗತ್ತೆ ಬಿಡ್ರೀ," ಎಂದರು. ಸತ್ತ ತುದಿಗಳನ್ನು ವಸಂತ್ ಏಣಿ ಹತ್ತಿ ಗರಗಸದಿಂದ ಕೊಯ್ದರು. ಹಸಿ ಮರದ ವಾಸನೆಯೂ ಬುಡದ ಹುಳಿ ವಾಸನೆಯೂ ಸೇರಿ ಕೆಲವು ದಿನ ಅಡುಗೆಮನೆಯ ತನಕ ಬರುತ್ತಿದ್ದವು. ಮರ ಬುಡದಲ್ಲಿ ಕಪ್ಪು ಪಟ್ಟಿ ಹೊತ್ತು, ತಲೆ ಬೋಳಿಸಿಕೊಂಡು ನಿಂತಿತು.

ನಾನು ಕಾದೆ. ನಾ ಹೋಗ್ತೇನಿ ಎನ್ನುವ ಮಾತು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಜೀವ ಬಿಗಿಹಿಡಿದು ಕಾದೆ. ಮನೆಗೆ ಬಂದವಳು ಮೊದಲು ಅವರ ಮುಖ ನೋಡುತ್ತಿದ್ದೆ. ದೀಪಾವಳಿ ಬಂತು, ಮಾತು ಬರಲಿಲ್ಲ. ಅತ್ತೆ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂರತೊಡಗಿದ್ದರು. ಒಂದೇ ಮೆಟ್ಟಿಲು, ಮಂಡಿ ಎದೆಗೆ ತಾಗುವಷ್ಟು ಗಿಡ್ಡ. ಎದುರಿಗೆ ಓಣಿ ಇಲ್ಲ, ಜನ ಇಲ್ಲ, ಆ ಬೋಳು ಮರ, ಬೇಲಿ, ಬೇಲಿಯಾಚೆ ಹೆಲೆನ್‌ಳ ಕುದುರೆಯ ಬೆನ್ನು. ಚಳಿಗಾಲಕ್ಕೆ ಕೊನೆಗೂ ಮಳೆ ಬಂತು, ಎರಡು ವರ್ಷದ ಬಾಕಿ ತೀರಿಸುವಂತೆ ಸುರಿಯಿತು. ಆಗ ಒಳಗೆ ಗಾಜಿನ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. "ಅವ್ವಗ ಈಗ ಇಲ್ಲಿ ಹೊಂದಿಕಿ ಆತು ನೋಡು," ಎಂದು ವಸಂತ್ ನನ್ನೊಡನೆ ಸಂತೋಷಪಟ್ಟರು. ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಫೆಬ್ರವರಿಯಲ್ಲಿ ಬೋಳು ಕಡ್ಡಿಗಳ ಮೇಲೆ ಕೆಂಪು ಹೂ ಕಾಣಿಸಿತು, ಹತ್ತಿರ ಹೋಗಿ ನೋಡಿದರಷ್ಟೇ ತಿಳಿಯುವಷ್ಟು ಸಣ್ಣದು. ಒಂದು ಮಗ್ಗುಲು ಸತ್ತೇ ಹೋಗಿತ್ತು. ಇನ್ನೊಂದು ಮಗ್ಗುಲಿನಲ್ಲಿ ಎಲೆ ಬಂತು, ಏಪ್ರಿಲಿನ ಹೊತ್ತಿಗೆ ಗಾಳಿಗೆ ಮತ್ತೆ ಬೆಳ್ಳಗಾಗತೊಡಗಿತು. ವಸಂತ್ ಕಾಫಿ ಹಿಡಿದು ಅದರ ಮುಂದೆ ನಿಲ್ಲುವುದು ಮತ್ತೆ ಶುರುವಾಯಿತು.

ಜೂನ್ ಕೊನೆಗೆ ನನ್ನ ತರಬೇತಿ ಮುಗಿಯಿತು. ಆ ಸಂಜೆ ಮನೆಗೆ ಬಂದು ಅತ್ತೆಗೆ ನಮಸ್ಕಾರ ಮಾಡಿದೆ. ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ಒದ್ದೆ ಕೈಯನ್ನೇ ತಲೆಯ ಮೇಲಿಟ್ಟರು.

"ಪೂರ್ತಿ ಮುಗೀತೇನು? ಇನ್ನ ಯಾವ ಪರೀಕ್ಷಾ ಗಿರೀಕ್ಷಾ ಇಲ್ಲಲ್ಲ?"

"ಇಲ್ಲ ಅತ್ತೆ. ರಾತ್ರಿ ಪಾಳೀನೂ ಕಮ್ಮಿ. ಅನು ಸ್ಕೂಲಿಗೆ ಹೋಗ್ತಾಳೆ. ಇನ್ನು ಆರಾಮು."

"ಛಲೋ ಆತು," ಎಂದರು. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಮುಗಿಸಿದರು. ಆಮೇಲೆ ಒಳಗಿದ್ದ ಮಗನಿಗೆ ಕೇಳುವಂತೆ ಹೇಳಿದರು, "ವಸಂತಾ, ಹಂಗಾದ್ರ ನನ್ನ ಟಿಕೇಟ್ ತಗಿ. ಪಂಚಮಿಗೆ ಊರಾಗ ಇರ್ತೇನಿ."

ವಸಂತ್ ಹೊರಗೆ ಬಂದರು. ಅವರ ಮುಖ ನೋಡಲಾಗಲಿಲ್ಲ. "ಯಾಕವ್ವಾ? ಈಗ ಗಿಡ ಛಲೋ ಚಿಗತದ. ಅದರ ಕೆಳಗ ನಿನಗ ಕಟಿಗೀ ಬೆಂಚ್ ಮಾಡಿಸ್ತೇನಿ. ಬುಡಕ್ಕ ಏನೂ ತಾಗೂದಿಲ್ಲ."

ಅತ್ತೆ ಮೇಪಲ್ ಮರದ ಕಡೆ ನೋಡಿದರು. "ಛಲೋ ಗಿಡ. ನಿನ್ನ ಸಲುವಾಗಿ ಬೆಳದದ, ಬೆಳಸು," ಎಂದರು. ಆಮೇಲೆ ಸೊಪ್ಪಿನ ಬುಟ್ಟಿ ನನ್ನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಎದ್ದರು. "ನಾ ಇಕೀ ಸಲುವಾಗಿ ಕೂತಿದ್ದೆ."

ಅಷ್ಟೇ ಹೇಳಿ ಒಳಗೆ ಹೋಗಿ ಕುಕ್ಕರ್ ಇಟ್ಟರು. ಬುಟ್ಟಿ ಹಿಡಿದು ನಾನು ಅಲ್ಲೇ ನಿಂತೆ. ಕಟ್ಟೆ ಅವರನ್ನು ಹಿಡಿದಿಟ್ಟುಕೊಂಡಿದೆ ಎಂದು ವಸಂತ್ ತಿಳಿದಿದ್ದರು, ನಾನೂ ತಿಳಿದಿದ್ದೆ. ಅದು ಇದ್ದಾಗಲೂ, ಒಡೆದ ಮೇಲೂ, ಆ ಗಿಡ್ಡ ಮೆಟ್ಟಿಲ ಮೇಲೂ ಅತ್ತೆ ಕೂತದ್ದು ನಾನು ಡಾಕ್ಟರಾಗಲಿ ಎಂದು. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಅದು ನನ್ನ ಮೇಲೆ ಇನ್ನೊಂದು ಭಾರವಾಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತೇನೋ.

ಪಂಚಮಿಗೆ ಊರು ಸೇರಿದರು. ತಂಗಿಯ ಜೊತೆ ಆ ಓಣಿಯ ಕಟ್ಟೆಯ ಮೇಲೆ ಇನ್ನೂ ಕೆಲವು ವರ್ಷ ಕೂತು, ಅಲ್ಲೇ ತೀರಿಕೊಂಡರು. ಮತ್ತೆ ಇಲ್ಲಿಗೆ ಬರಲಿಲ್ಲ. ನಾವೂ ಕೆಲಸ ಹಿಡಿದು ಸ್ಯಾನ್ ಡಿಯಾಗೋಗೆ ಬಂದೆವು. ಚಾಟ್ಸ್‌ವರ್ತ್ ಮನೆ ಮಾರಿದೆವು. ಮರ ಈಗ ಇದೆಯೋ ಇಲ್ಲವೋ, ಬೇರು ಚರಂಡಿಯ ಪೈಪಿಗೆ ಹೊಕ್ಕಿತೆಂದು ಹೊಸಬರು ಕಡಿಸಿದರೋ, ತಿಳಿಯದು. ಆ ಕಡೆ ಹೋದಾಗಲೂ ಆ ಬೀದಿಗೆ ಕಾರು ತಿರುಗಿಸುವುದಿಲ್ಲ ನಾವು.

ಕರ್ನಿ ಮೆಸಾದ ಆ ಸಂಜೆ ಎಷ್ಟು ಹೊತ್ತು ನಿಂತಿದ್ದೆನೋ, ಮಂಡಿ ನೋಯತೊಡಗಿತು. ಕಾರಿಗೆ ಹೋಗಬಹುದಿತ್ತು. ಹೋಗದೆ ಪಾರ್ಕಿಂಗ್ ಲಾಟಿನ ಸಿಮೆಂಟಿನ ಅಂಚಿನ ಮೇಲೆ, ಆಸ್ಪತ್ರೆಯ ಬಟ್ಟೆಯಲ್ಲೇ, ಕೂತುಬಿಟ್ಟೆ. ಕಾರುಗಳು ನಿಧಾನ ಮಾಡಿ ನನ್ನನ್ನು ನೋಡಿ ಹೋದವು. ಮರ ಕಡಿಯುವವನು ಯಂತ್ರ ನಿಲ್ಲಿಸಿ, ಸದ್ದು ತಡೆಯಲು ಕಿವಿಗೆ ಹಾಕಿಕೊಂಡಿದ್ದದ್ದನ್ನು ತೆಗೆದು, ಹತ್ತಿರ ಬಂದ. ಏನಾಯಿತು ಮ್ಯಾಮ್, ಹುಷಾರಾಗಿದ್ದೀರಾ, ಯಾರನ್ನಾದರೂ ಕರೆಯಲೇ ಎಂದು ಕೇಳಿದ.

"ಏನೂ ಆಗಿಲ್ಲ," ಎಂದೆ. "ಅದಕ್ಕೇ ಕೂತಿದ್ದೇನೆ."